ಹದಿನೇಳು ಏನು?

ಟೇಪು ಹಿಡಿದು ನಿಂತಿದ್ದೇನೆ, ಆಗ್ಬೆಕೊ ಮೇಷ್ಟ್ರೇ.
ಬಡಗಿ ಬಂದ ಎಂದು ನಿಮ್ಮ ಮನೆಯವರು
ಬಾಗಿಲು ಅರ್ಧ ಮುಂದೆ ಮಾಡಿ ಹೋದರು.
ಹೊರಗೆ ಕೇಟಾದ ಕಡಲು
ಎಂದಿನಂತೆ ಕಳೆಯುವ ಲೆಕ್ಕ ಮಾಡುತ್ತ ಕೂತಿದೆ.

ತಲೆಯಿಂದ ಹಿಮ್ಮಡಿ. ಹೆಗಲಿಂದ ಹೆಗಲು.
ನನಗೆ ಬರುವ ಗಣಿತವೆಲ್ಲ ಇಷ್ಟೇ.

ನಾನು ದಡ್ಡನೆಂಬುದು
ಮೀನು ಹೊಗೆಗಿಡುವ ನಮ್ಮವ್ವನಿಗೂ ಗೊತ್ತಿತ್ತು.
ಉತ್ತರ ಹೇಗೋ ಬರುತ್ತಿತ್ತು ಒಮ್ಮೊಮ್ಮೆ,
ದಶಕ ಕಡ ತಂದ ಹಾಗೆ, ಪಕ್ಕದವನ ಪುಸ್ತಕದಿಂದ.
ಹದಿನೇಳು ಎಂದು ಬರೆದು ಎದ್ದರೆ
ನಿಮ್ಮ ಕೆಂಪು ಶಾಯಿ ಅಂಚಿನಲ್ಲಿ ಕೇಳುತ್ತಿತ್ತು:
ಹದಿನೇಳು ಏನು? ಮೀಟರೋ, ಮೇಕೆಯೋ?
ಒಂದು ಸಲ ಮೇಕೆ ಎಂದೇ ಬರೆದೆ.
ನೀವು ನಕ್ಕ ನಗುವಿಗೆ
ಕಿಟಕಿಯ ಮೇಲಿನ ಹಲ್ಲಿ ಬೆಂಚಿಗೆ ಬಿತ್ತು.
ಅರ್ಧ ಅಂಕ ಕೊಟ್ಟಿರಿ, ಧೈರ್ಯಕ್ಕೆ.

ವರ್ಷಕ್ಕೊಮ್ಮೆ, ಹರ್ಮಟ್ಟಾನ್ ಧೂಳು ಇಳಿದ ಮೇಲೆ
ಹಗ್ಗ ಹೊತ್ತು ಸಾಲಾಗಿ ಹೊರಡುತ್ತಿದ್ದೆವು
ಶಾಲೆಯ ಗೋಡೆಯಿಂದ ನೀರಿನ ಅಂಚಿಗೆ.
ಮೊದಲ ವರ್ಷ ನೂರ ಹನ್ನೆರಡು ಮೀಟರು.
ಮರುವರ್ಷ ತೊಂಬತ್ತೆಂಟು.
ಅದರ ಮರುವರ್ಷ ಎಂಬತ್ತೊಂದು.
ಕಳೆದಾಗ ಬಂದ ಹದಿನೇಳರೊಳಗೆ
ಸೆಲಾಸಿಯ ಅಜ್ಜಿಯ ಅಡುಗೆಮನೆ ಇತ್ತು.
ಹೀಗೇ ಹೋದರೆ ಶಾಲೆಗೆ ಇನ್ನೆಷ್ಟು ವರ್ಷ?
ಯಾರೂ ಕೈ ಎತ್ತಲಿಲ್ಲ. ಎಲ್ಲರಿಗೂ ಉತ್ತರ ಬಂದಿತ್ತು.
ನೀವು ಹಗ್ಗ ಸುತ್ತುತ್ತ ಅಂದಿರಿ:
ಅಳೆದರೆ ಹೆದರಿಕೆ ಚಿಕ್ಕದಾಗುವುದಿಲ್ಲ, ಮಕ್ಕಳೇ.
ಎಲ್ಲಿ ನಿಂತಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಆ ಶಾಲೆ ನೀರಿನಡಿ ಹೋಗಿ ಬಹಳ ಕಾಲವಾಯಿತು.
ನೀವು ಹೇಳಿದ್ದಕ್ಕಿಂತ ಎರಡು ವರ್ಷ ತಡವಾಗಿ.
ಕಡಲಿಗೂ ಅರ್ಧ ಅಂಕ ಕೊಟ್ಟಿರಂತೆ.

ಇದೇ ಮನೆ. ಇದೇ ಬಾಗಿಲಿನ ಚಿಲಕ ಸರಿಮಾಡಲು
ಮೊದಲ ಸಲ ಬಂದಿದ್ದೆ. ಹಿತ್ತಲ ಮರಳಿನಲ್ಲಿ
ಸಣ್ಣೀರುಳ್ಳಿ ಪಾತಿ. ಒಳಗೆ
ಮಕ್ಕಳು ಐದು, ಹುರಿದ ಮೀನು ಮೂರು.
ಭಾಗಿಸಿ ಭಾಗಿಸಿ ಎಲ್ಲರಿಗೂ ಬಡಿಸಿ
ಶೇಷ ನನಗೆ ಎಂದು
ತಲೆಗಳನ್ನು ನಿಮ್ಮ ತಟ್ಟೆಗೆ ಎಳೆದುಕೊಂಡಿರಿ.
ಅಪ್ಪನಿಗೆ ಮೀನಿನ ತಲೆ ಇಷ್ಟ ಎಂದೇ
ಮೂವತ್ತು ವರ್ಷ ಮಕ್ಕಳು ನಂಬಿದ್ದರು.
ನಿನ್ನೆ ಎಸಿನಮ್ ಹೇಳಿದರು, ಸೌಟು ಕೈಯಲ್ಲಿ ಹಿಡಿದೇ:
ಆ ಮನುಷ್ಯನಿಗೆ ಬೆನ್ನಿನ ತುಂಡು ಅಂದರೆ ಪ್ರಾಣ.

ಅವರು ಸಂತೆಗೆ ಹೋದ ದಿನಗಳಲ್ಲಿ
ಕಿರಿಯವಳು ಡೆಲಾಲಿಗೆ ನೀವೇ ಜಡೆ ಹೆಣೆಯುತ್ತಿದ್ದಿರಿ,
ಬಾಚಣಿಗೆ ಹಲ್ಲಲ್ಲಿ ಕಚ್ಚಿ.
ಬೈತಲೆ ಸ್ಕೇಲಿಟ್ಟು ಎಳೆದ ಗೆರೆ;
ಜಡೆ ಮಾತ್ರ ಪ್ರಾರ್ಥನೆಯ ಗಂಟೆಗೆ ಮೊದಲೇ ಬಿಚ್ಚುತ್ತಿತ್ತು.
ರಾತ್ರಿ ಬಸ್ಸಿಗೆ ಬಂದ ಅವಳು
ಬೆಳಿಗ್ಗೆ ನಿಮ್ಮ ನರೆಗೂದಲು ಬಾಚಿದಳಂತೆ.
ಬೈತಲೆ ಓರೆಯಾಗಿದೆ.
ತಿದ್ದಲು ಯಾರನ್ನೂ ಬಿಟ್ಟಿಲ್ಲ.

ನನ್ನ ಮೊದಲ ಉಜ್ಜುಗೊರಡಿಗೆ
ನಲವತ್ತು ಸೆಡಿ ಕೊಟ್ಟಿದ್ದಿರಿ, ಚೀಟಿಯಿಲ್ಲ, ಸಾಕ್ಷಿಯಿಲ್ಲ.
ತಿಂಗಳು ತಿಂಗಳು ತೀರಿಸುತ್ತ ಮೂವತ್ತೆಂಟಕ್ಕೆ ಬಂದಾಗ
ಸಾಕು ಎಂದು ನನ್ನ ಬೆರಳು ಮಡಚಿದಿರಿ.
ಕೂಡುವಾಗ ಏನು ಹೇಳಿಕೊಟ್ಟಿದ್ದೆ?
ಕೈಯಲ್ಲಿ ಎರಡು. ಇರಲಿ.
ಮುಂದಿನ ಸಾಲಿಗೆ ಸೇರಿಸಿಕೋ.

ಎಷ್ಟೋ ಸಾಲು ಬಂದು ಹೋದವು, ಮೇಷ್ಟ್ರೇ.
ಮದುವೆಯ ಮಂಚ, ದೋಣಿಯ ಹಲಗೆ,
ನಮ್ಮವ್ವನ ಪೆಟ್ಟಿಗೆ.
ಎಲ್ಲಿ ಸೇರಿಸಬೇಕೆಂದು ತಿಳಿಯದೆ
ಆ ಎರಡು ಹಾಗೇ ಉಳಿದಿತ್ತು.

ನೂರ ಎಂಬತ್ತಾರು ಬಂತು.
ಉಪ್ಪುಗಾಳಿಗೆ ಮರ ಬಿಗಿಯುತ್ತದೆ,
ಕಾಲು ಚಾಚುವವರಿಗೆ ಒಂದಿಷ್ಟು ಜಾಗ ಬೇಕು.
ಎರಡು ಸೇರಿಸಿದೆ.

ಹಲಗೆಯ ಮೇಲೆ ನೂರ ಎಂಬತ್ತೆಂಟು ಎಂದು ಬರೆದು
ಪೆನ್ಸಿಲು ಕಿವಿಗೆ ಸಿಕ್ಕಿಸಿ
ಬಾಗಿಲ ತನಕ ಹೋದವನು
ವಾಪಸು ಬಂದು
ಸೆಂಟಿಮೀಟರು ಎಂದು ಬರೆದೆ.