ಪಾಟೀಸವಾಲು

ಅರಕಲಗೂಡು ಕೋರ್ಟಿನ ನಕಲು ಶಾಖೆಯಲ್ಲಿ
ಇದು ನನ್ನ ಮೂರನೇ ಸೋಮವಾರ.
ಮೊದಲ ವಾರ ಕೇಸಿನ ನಂಬರಿಲ್ಲದೆ ಬಂದೆ,
ಎರಡನೇ ವಾರ ಸ್ಟಾಂಪಿಲ್ಲದೆ.
ಇವತ್ತು ಎರಡೂ ಇವೆ. ಕರೆಂಟಿಲ್ಲ.

ಮಾದಯ್ಯನವರು ಟಾರ್ಚು ಹಿಡಿದು ಒಳಗೆ ಹೋಗಿ
ಕೆಮ್ಮುತ್ತಾ ಬಂದರು, ಎದೆಗವಚಿಕೊಂಡು
ಎಪ್ಪತ್ತೆಂಟನೇ ಇಸವಿಯ ಒಂದು ಕಟ್ಟು.
ಹುರಿ ಬಿಚ್ಚಹೋದರೆ ಹುರಿಯೇ ಪುಡಿಯಾಯಿತು.

"ಡಿಕ್ರಿ ತಾನೇ? ಎಲ್ಲರೂ ಅದಕ್ಕೇ ಬರೋದು."
ಬೇಡ ಸಾರ್, ಸೋತ ಕೇಸು.
ಎರಡನೇ ಸಾಕ್ಷಿಯ ಹೇಳಿಕೆ ಸಾಕು:
ದ್ಯಾವೀರಮ್ಮ ಕೋಂ ಲೇಟ್ ಸಣ್ಣಸ್ವಾಮಯ್ಯ, ಕಸುಬು ಕೂಲಿ.
ನಾನು ಹುಟ್ಟುವ ಮೊದಲೇ ಸತ್ತ ಅಜ್ಜಿ.
ಮನೆಯಲ್ಲಿ ಫೋಟೋ ಇಲ್ಲ. ಕೇಳಿದರೆ
"ಅವಳೆಲ್ಲಿ ಮಾತಾಡೋಳು" ಅಂತಾರೆ ಅತ್ತೆ.

ಇಲ್ಲಿ ನಾಲ್ಕು ಪುಟ ಮಾತಾಡಿದ್ದಾಳೆ.
ಬಾವಿಯನ್ನು ನನ್ನ ಗಂಡ ತೋಡಲಿಲ್ಲ ಎಂದರೆ ಸರಿಯಲ್ಲ.
ನಾನು ಮಣ್ಣು ಹೊರಲಿಲ್ಲ ಎಂದರೆ ಸರಿಯಲ್ಲ.
ದುಡ್ಡಿನ ಆಸೆಗೆ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.

ಪ್ರಶ್ನೆ ವಕೀಲರದು, ಕನ್ನಡ ಗುಮಾಸ್ತರದು,
ಅವಳದು ಬರೀ ತಲೆಯಾಡಿಸಿದ್ದೇನೋ ಅಂದುಕೊಳ್ಳುವಾಗ
ಮೂರನೇ ಪುಟದ ಕೆಳಗೆ
ಯಾರೋ ತಿದ್ದದೆ ಬಿಟ್ಟಿದ್ದಾರೆ:
"ಆಳ ಕೇಳ್ತೀರಲ್ಲ ಬುದ್ದಿ, ಇಳ್ದು ನೋಡಿ.
ಮೂರಾಳುದ್ದಕ್ಕೆ ಬಂಡೆ ಸಿಕ್ತು.
ಆಮೇಲೆ ನಾನೂ ಇಳ್ದೆ."

ಕರೆಂಟು ಬಂತು. ಜೆರಾಕ್ಸಿನಲ್ಲಿ ಅವಳ ಹೆಬ್ಬೆಟ್ಟು
ಬರೀ ಕರೀ ಮಚ್ಚೆ, ಒಂದು ಗೆರೆಯೂ ಮೂಡಿಲ್ಲ.
ಮೇಲೆ ಸೀಲು: ನಿಜ ನಕಲು.

ಮೂಲದ ಹಾಳೆ ನನ್ನ ಮುಂದೆಯೇ ಬಿಟ್ಟು
ಹೊಸ ಹುರಿ ಹುಡುಕಲೆಂದು
ಆ ಕಡೆ ತಿರುಗಿ ನಿಂತರು ಮಾದಯ್ಯ.
ಹುರಿ ಮೇಜಿನ ಮೇಲೇ ಇತ್ತು.