ಕೈ ಹಿಂದಿರಲಿ

ಮೊದಲ ದಿನ ಫ್ಲೇವಿಯಾ ಮೇಡಂ ಹೇಳಿದ್ದು ಇಷ್ಟೇ:
"ಹಾಲಮ್ಮ, ಮಗು ಬಿದ್ದ ಕೂಡಲೇ ಓಡಬೇಡಿ.
ಕೈ ಹಿಂದಿರಲಿ. ಕಣ್ಣು ಮುಂದಿರಲಿ."

ಹನ್ನೊಂದು ವರ್ಷ ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ಕಾಲರಿನ ಮೇಲೆ ಕಾಲರು ಹೊಲಿದ ಕೈ ಇದು,
ಸುಮ್ಮನಿರು ಅಂದರೆ ಎಲ್ಲಿ ಇಡಲಿ?
ಬೆನ್ನ ಹಿಂದೆ ಬೆರಳು ಬೆರಳನ್ನು ಹಿಡಿದು ನಿಂತವು
ಪ್ರಾರ್ಥನೆಯಲ್ಲಿ ನಗು ತಡೆದ ಹುಡುಗಿಯರ ಹಾಗೆ.

ಗೋಪಾಳದ ಎರಡನೇ ಅಡ್ಡರಸ್ತೆ,
ಕೆಳಗೆ ಹೊಲಿಗೆ ಸಾಮಾನಿನ ಅಂಗಡಿ, ಮೇಲೆ ನಾವು.
ಇಲ್ಲಿ ತೊಟ್ಟಿಲಿಲ್ಲ, ವಾಕರ್ ಇಲ್ಲ.
ನೆಲದ ಮೇಲೇ ಹಾಸಿಗೆ; ಎಚ್ಚರಾದವರು
ತಾವೇ ಇಳಿದು ಬರಬಹುದು.
ಮೊಣಕಾಲೆತ್ತರದ ಕಪಾಟಿನಲ್ಲಿ
ಒಂದು ಮರದ ಬಳೆ, ಒಂದು ಬಟ್ಟೆಚೆಂಡು, ಒಂದು ಬುಟ್ಟಿ.
ಗೋಡೆಗೆ ನೆಲ ಮುಟ್ಟುವ ಕನ್ನಡಿ,
ಕನ್ನಡಿಗೆ ಅಡ್ಡವಾಗಿ ಹಿತ್ತಾಳೆಯ ಸರಳು.
ನೀರಿಗೆ ಪುಟ್ಟ ಲೋಟ. ಗಾಜಿನದು!
"ಒಡೆದರೆ?" ಅಂದೆ.
"ಒಡೆಯಲಿ. ಒಡೆಯುತ್ತದೆ ಅಂತ ಗೊತ್ತಾಗಲಿ."
ಎಂಟು ಬಂದಿದ್ದವು. ಈಗ ಏಳು.
ಒಡೆದವಳು ನಾನು, ತೊಳೆಯುವಾಗ.

ಇಫ್ರಾಳ ತಾಯಿ ಮೆಗ್ಗಾನ್ ಆಸ್ಪತ್ರೆಯ ಲ್ಯಾಬಿನವಳು.
ಎಂಟಕ್ಕೆ ಗೇಟಿನಲ್ಲಿ ಸ್ಕೂಟಿ ಆಫ್ ಮಾಡದೆಯೇ
ಮಗುವನ್ನು ನನ್ನ ಹೆಗಲಿಗೆ ದಾಟಿಸುತ್ತಾಳೆ,
ದಿನವೂ ಒಂದೇ ಮಾತು:
"ಏನಾದರೂ ಹೊಸದು ಮಾಡಿದರೆ ಬರೆದಿಡಿ, ಅಕ್ಕ."
ಬರೆದಿಡುತ್ತೇನೆ.
ರಾಗಿ ಸರಿ, ಅರ್ಧ ಬಟ್ಟಲು.
ನಿದ್ದೆ ಐವತ್ತು ನಿಮಿಷ, ನಡುವೆ ಬಿಕ್ಕಳಿಕೆ.
ಚಮಚ ತಾನೇ ಹಿಡಿದಳು; ಮೂಗಿಗೆ ಹೋಯಿತು.

ಮೊನ್ನೆ ಮಂಗಳವಾರ, ಮೂರು ದಾಟಿತ್ತು.
ಉಳಿದವರು ಮಲಗಿದ್ದರು. ಕೆಳಗೆ ಯಾರದೋ
ಜಿಪ್ಪಿಗೆ ಚೌಕಾಸಿ ನಡೆದಿತ್ತು.
ಇಫ್ರಾ ಸರಳು ಹಿಡಿದು ಎದ್ದಳು,
ಕನ್ನಡಿಯ ಹುಡುಗಿಗೆ ಏನೋ ಹೇಳಿ
ಒಂದು ಕೈ ಬಿಟ್ಟಳು.
ನನ್ನ ಬೆನ್ನ ಹಿಂದೆ ಹತ್ತೂ ಬೆರಳು ಗಡಬಡಿಸಿದವು.
ಇನ್ನೊಂದು ಕೈ.
ಡೈಪರಿನ ಭಾರ ಎಡಕ್ಕೆ ವಾಲಿ ಬಲಕ್ಕೆ ಬಂತು,
ಹೊಟ್ಟೆ ಮುಂದಾಯಿತು, ಮತ್ತೆ
ಯಾರನ್ನೂ ಕೇಳದೆ
ಒಂದು.
ಎರಡು.
ಮೂರನೆಯದು ಹೆಜ್ಜೆಯೋ ಬೀಳುವುದೋ
ಅದಕ್ಕೇ ಗೊತ್ತಿರಲಿಲ್ಲ.
ಕೂತಳು. ಅಳಲಿಲ್ಲ.
ಪಾದ ನೋಡಿಕೊಂಡಳು, ಹೊಸ ಚಪ್ಪಲಿ ಕೊಂಡವರ ಹಾಗೆ.

ಪುಸ್ತಕ ತೆಗೆದೆ. ದಿನಾಂಕ ಬರೆದೆ, ಗಂಟೆ ಬರೆದೆ.
ಪೆನ್ನು ನಿಂತಿತು.
ಐದೂವರೆಗೆ ಬಂದ ತಬಸ್ಸುಮ್ ಕೈಯಲ್ಲಿ ಸ್ಪಿರಿಟ್ಟಿನ ವಾಸನೆ.
"ಹೊಸದು ಏನಾದರೂ?"
"ಪುಟ್ಟಬಾಳೆ ಹಣ್ಣು, ಪೂರ್ತಿ ಒಂದು ತಿಂದಳು."
ತಿಂದದ್ದು ನಿಜ.
ಗಂಟೆಯ ಮುಂದೆ ಬರೆದದ್ದೂ ಅದನ್ನೇ.

ಗುರುವಾರ ಸ್ಕೂಟಿ ಆಫ್ ಆಯಿತು.
ಮೆಟ್ಟಿಲು ಹತ್ತಿ ಬಂದಳು, ಏದುಸಿರು:
"ಅಕ್ಕಾ, ನಿನ್ನೆ ರಾತ್ರಿ! ಫ್ರಿಜ್ಜಿನಿಂದ ಟೀಪಾಯಿಯವರೆಗೆ!
ಮೊದಲು ನೋಡಿದ್ದು ನಾನೇ, ಅವರಪ್ಪನೂ ಇರಲಿಲ್ಲ!"
"ಹೌದಾ!" ಅಂದೆ. ಕೆನ್ನೆಗೆ ಕೈ ಇಟ್ಟೆ. ಬಾಯಿ ತೆರೆದೆ.
ಬೇಕಾದ್ದಕ್ಕಿಂತ ತುಸು ಹೆಚ್ಚೇ ತೆರೆದೆನೇನೋ,
ಆ ಬಾಯಿ ಎಲ್ಲೋ ನೋಡಿದ್ದೆ ಅನ್ನಿಸಿತು.

ಸೀಗೆಹಟ್ಟಿ. ಹದಿನಾಲ್ಕು ವರ್ಷದ ಹಿಂದೆ ಒಂದು ಸೋಮವಾರ,
ಕಂಪನಿ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು.
ಮಗಳನ್ನು ಪಕ್ಕದ ಮನೆಯ ಚೌಡಕ್ಕನ ಮಡಿಲಿಗೆ ಹಾಕಿ ಹೇಳಿದ್ದೆ:
"ನಿನ್ನೆ ನಡೆದಳು ಕಣಕ್ಕ, ನನ್ನ ಕಣ್ಣೆದುರಿಗೇ!
ಭಾನುವಾರಕ್ಕೆ ಅಂತಲೇ ಕಾದಿದ್ದಳು ನೋಡು."
ಚೌಡಕ್ಕ ಕೆನ್ನೆಗೆ ಕೈ ಇಟ್ಟಳು.
"ಹೌದೇನೇ!" ಅಂದಳು.
ಒಳಗಿನ ಎಲೆಯಡಿಕೆ ಕಾಣುವಷ್ಟು ಬಾಯಿ ತೆರೆದಿತ್ತು.

ಕೇಳೋಣವೆಂದರೆ ಅವಳು ಹೋಗಿ ಮೂರು ವರ್ಷ.
ನಾಗಶ್ರೀಗೆ ಈ ವರ್ಷ ಎಸ್ಸೆಸ್ಸೆಲ್ಸಿ;
ಅವಳನ್ನೇ ಕೇಳಿದರೆ ನಕ್ಕಾಳು.
ಆ ಭಾನುವಾರ ಓಣಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದ್ದೆ,
ಮೊದಲ ಮುಷ್ಟಿ ಚೌಡಕ್ಕನ ಮನೆಗೇ ಕಳಿಸಿದ್ದೆ.
ತಿಂದಳು ಮಾರಾಯ್ತಿ. ಏನೂ ಹೇಳದೆ ತಿಂದಳು.

ಲೋಟ ತೊಳೆದು ಬೋರಲು ಹಾಕಿದೆ. ಏಳು.
ಒಳಗೆ ಯಾರೋ ಎದ್ದ ಸದ್ದು,
ಹಾಸಿಗೆಯಿಂದ ನೆಲಕ್ಕೆ ಅಂಗೈ, ಪಟ್, ಪಟ್.
ಕೈ ಒರೆಸಿಕೊಂಡು
ಹಿಂದೆ ಕಟ್ಟಿದೆ.