ಹತ್ತುಮೀನು

ಕಾಲು ಚಾಚು ಖಮರುನ್ನಿಸಾ, ನಾಚಿಕೆ ಯಾಕೆ?
ಮೆಗ್ಗಾನ್ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮೂವತ್ತೊಂದು ವರ್ಷ
ಕಾಲು ನೋಡಿಯೇ ಪಿಂಚಣಿಗೆ ಬಂದವಳು ನಾನು.
ನಿನ್ನದೇ ಟೇಪು ಕೊಡು.
ಊರಿನ ಅರ್ಧ ಹೆಂಗಸರ ತೋಳು, ಸೊಂಟ ಬಲ್ಲ ಈ ಹಳದಿ ಟೇಪು
ನಿನ್ನ ಕಾಲನ್ನು ಸುತ್ತುತ್ತಿರುವುದು ಇವತ್ತೇ ಮೊದಲು.

ಹರಡಿನ ಮೇಲೆ ಎಂಟೂವರೆ.
ಮೀನಖಂಡ ತುಂಬಿದಲ್ಲಿ ಹದಿನಾಲ್ಕು.
ಬರೆದುಕೋ, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ.
ಮಂಡಿ ಕೆಳಗಿನ ಬಿಗಿ ಕಾಲುಚೀಲ.
ದೊಗಲೆಯಾದರೆ ದಂಡ, ಮೇಲಂಚು ಸುರುಳಿ ಸುತ್ತಿದರೆ ಅದೇ ಉರುಳು.
ಎಲ್ಲರಿಗೂ ಬೇಕಿಲ್ಲ ಇದು. ನಿನಗೆ ಡಾಕ್ಟರು ಬರೆದಿದ್ದಾರೆ:
ಉಬ್ಬಿದ ನೀಲಿ ನರ, ಮೊನ್ನೆ ಮೊನ್ನೆಯ ಆಪರೇಷನ್ನು,
ಅದರ ಮೇಲೆ ಇಷ್ಟು ದೂರದ ಕೂರುವಿಕೆ.

ಮೀನಖಂಡ. ಯಾರಿಟ್ಟರೋ ಈ ಹೆಸರು.
ಗಾಜನೂರಿನ ಕೆಳಗೆ ನನ್ನ ಅಪ್ಪ
ಮೊದಲ ಮಳೆಯ ರಾತ್ರಿ ಗ್ಯಾಸ್‌ಲೈಟು ಹಿಡಿದು
ಹತ್ತುಮೀನಿಗೆ ಹೋಗುತ್ತಿದ್ದ.
ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಂಡಿಗೆ,
ಇಳಿಯುವ ನೀರಿಗೆ ಮುಖ ಕೊಟ್ಟು
ಬಾಲ ಬಡಿದು ಬಡಿದು ಹತ್ತುವ ಮೀನು.
ಬಡಿಯುವುದು ಬಿಟ್ಟ ಮೀನು ನಿಂತಲ್ಲಿ ನಿಲ್ಲುವುದಿಲ್ಲ.
ಪಾದದಿಂದ ನೆತ್ತರು ವಾಪಸು ಹತ್ತುವುದೂ ಹಾಗೇ ಕಣೇ,
ಕೆಳಗೆ ಕಳಿಸುವುದು ಎದೆ,
ಮೇಲೆ ಹತ್ತಿಸುವುದು ಈ ಮೀನು.

ಇಪ್ಪತ್ತೇಳು ವರ್ಷ ತುಳಿದೆಯಲ್ಲ,
ಗಾಂಧಿಬಜಾರಿನ ಆ ಕತ್ತಲೆ ಓಣಿಯಲ್ಲಿ,
ರವಿಕೆಯೆಷ್ಟೋ, ಲಂಗವೆಷ್ಟೋ,
ನಿನಗೇ ಗೊತ್ತಿಲ್ಲದೆ ಕಾಲೊಳಗೆ ಮೀನು ಬಾಲ ಬಡಿಯಿತು.
ಮೋಟಾರು ಕೂರಿಸಿದ ಮೇಲೆ
ಬಟ್ಟೆ ಓಡುತ್ತದೆ, ಕಾಲು ಸುಮ್ಮನೆ ನೋಡುತ್ತದೆ.

ಈಗ ಲೆಕ್ಕ ಹಾಕು:
ಬೆಂಗಳೂರಿಗೆ ರಾತ್ರಿ ಬಸ್ಸು ಆರೇಳು ತಾಸು,
ಸೂಟ್‌ಕೇಸು ಕಾಯುತ್ತ ಕುರ್ಚಿಯಲ್ಲಿ ಐದು,
ಜಿದ್ದಾಕ್ಕೆ ಆಕಾಶದಲ್ಲಿ ಇನ್ನಾರು.
ಮೋಡ ನೋಡಲು ಕಿಟಕಿ ಸೀಟು ಬೇಕಂತೆ!
ಆಗುಂಬೆಗೆ ಹೋಗೋಣ, ಮೋಡ ಕೈಗೇ ಸಿಗುತ್ತದೆ.
ನೀನು ಓಡಾಡುವ ದಾರಿ ಪಕ್ಕದ ಸೀಟು ಕೇಳು.
ಅಲ್ಲಿ ಏಳು ಸುತ್ತು ಬರಲು ಹೊರಟವಳು
ಇಲ್ಲಿ ತಾಸಿಗೊಂದು ಸುತ್ತು ಹಾಕಲಾರೆಯಾ?

ಬಾತ್‌ರೂಮಿಗೆ ಏಳಬೇಕಲ್ಲ ಅಂತ
ನೀರೇ ಕುಡಿಯದೆ ಕೂರುವ ಉಪಾಯ ನಿನ್ನದು, ಬಲ್ಲೆ.
ಕುಡಿ. ಏಳಬೇಕಾಗಲಿ ಅಂತಲೇ ಕುಡಿ.
ನಾದಿನಿ ಕೊಟ್ಟ ಆಸ್ಪಿರಿನ್ನು ಬ್ಯಾಗಿನಿಂದ ತೆಗೆದಿಡು,
ಕೇಳದೆ ನುಂಗುವ ಮಾತ್ರೆಯಲ್ಲ ಅದು.

ಹೆದರಿಸುತ್ತಿಲ್ಲ. ಆದರೂ ಹದಿನೇಳನೇ ಮಂಚ ಮರೆಯಲಾರೆ.
ಹೊಸನಗರ ಕಡೆಯ ಟೀಚರು, ದೂರದ ವಿಮಾನ ಇಳಿದು ಬಂದವಳು.
ಎಡಗಾಲು ಭಾರ ಅಂದಳು, ಉಳುಕೆಂದು ಎಣ್ಣೆ ತೀಡಿಸಿದಳು,
ಒಂಬತ್ತನೇ ದಿನ ಮನೆಯ ನಾಲ್ಕು ಮೆಟ್ಟಿಲಲ್ಲಿ
ಉಸಿರು ಸಿಕ್ಕಿಕೊಂಡಿತು.
ನೆತ್ತರಿಗೂ ಹಾಲಿಗೂ ಒಂದೇ ಮಾತು ನಮ್ಮಲ್ಲಿ: ಹೆಪ್ಪು.
ರಾತ್ರಿ ಹೆಪ್ಪು ಹಾಕಿದ ಪಾತ್ರೆ ಅಲುಗಿಸಿದರೆ
ಅಮ್ಮ ಸೌಟಿನಲ್ಲೇ ಕೊಡುತ್ತಿದ್ದಳು.
ನಾನು ಹೇಳುವುದು ತಿರುಗಾ ಮುರುಗಾ,
ಅಲುಗಿಸು ಮಾರಾಯ್ತಿ, ಕೂತಲ್ಲೇ ಅಲುಗಿಸು,
ಹಿಮ್ಮಡಿ ಊರಿ ಬೆರಳೆತ್ತು, ಬೆರಳೂರಿ ಹಿಮ್ಮಡಿ.

"ಫ್ಲೇವಿ ಸಿಸ್ಟರ್, ಇದು ಮೆಷಿನ್ ತುಳಿದ ಹಾಗೇ ಅಲ್ವಾ?"
ಅಂದಳು, ಆಗಲೇ ತುಳಿಯುತ್ತ.
"ಏನು ಹೊಲೀಲಿ, ಅಷ್ಟು ಹೊತ್ತು?"
ಪರದೆ ಹೊಲಿ. ಕಲ್ಯಾಣ ಮಂಟಪದ ಪರದೆ,
ಅಂಚು ಬೇಗ ಮುಗಿಯದಿರಲಿ.

ನಕ್ಕಳು. ಟೇಪು ಸುತ್ತಿ ಕೈಚೀಲಕ್ಕೆ ಹಾಕಿದಳು.
ಬಂದ ಮೇಲೂ ಕೆಲವು ವಾರ ಎರಡೂ ಕಾಲು ಅಳೆ.
ಒಂದರ ಅಳತೆ ಮಾತ್ರ ಹೆಚ್ಚಿತೋ, ಬಿಸಿಯಾಗಿ ನೊಂದಿತೋ,
ಎದೆ ಚುಚ್ಚಿತೋ,
ಖರ್ಜೂರ, ಜಮ್ ಜಮ್ ನೀರು ಹಿಡಿದು
ನನ್ನ ಮನೆಗೆ ಬರಬೇಡ ಮೊದಲು.
ಆಟೋದವನಿಗೆ ಆಸ್ಪತ್ರೆ ಅನ್ನು.

ಅವಳು ಹೋದಳು. ನಾನು ಕುರ್ಚಿಯಲ್ಲಿ
ಎಷ್ಟು ಹೊತ್ತಿಂದ ಹೀಗೇ ಕೂತಿದ್ದೇನೋ.